ಅಂಚು

ಅಂಗಡಿಯವನು ಹೊಸ ಲ್ಯಾಪ್‌ಟಾಪನ್ನು ಅವಳ ಕೈಗಿತ್ತ. "ಎಷ್ಟು ತೆಳ್ಳಗಿದೆ ನೋಡಿ ಮೇಡಂ!"

ಅವಳು ಅದರ ಅಂಚಿನುದ್ದಕ್ಕೂ ಬೆರಳಾಡಿಸಿದಳು. "ತುಂಬಾ ಹರಿತ ಇದೆ ಕಣ್ರೀ. ಆ ದಪ್ಪಂದೇ ತಗೊಳ್ಳೋಣ."

"ಇದ್ರಲ್ಲೇನು ತರಕಾರಿ ಹೆಚ್ತೀಯಾ?" ಗಂಡ ನಕ್ಕ. "ಇವಳಿಗೇನು ಗೊತ್ತು, ನೀವು ಇದನ್ನೇ ಪ್ಯಾಕ್ ಮಾಡಿ."

"ಹಳೇದಕ್ಕೆ ಏನಾಯ್ತು ಸಾರ್?"

"ಹೋದ ವಾರ ಕೈ ಜಾರಿ ಬಿತ್ತು."

"ಅಯ್ಯೋ, ಇದನ್ನ ಬೀಳಿಸ್ಬೇಡಿ." ಅಂಗಡಿಯವನು ಕುಂಕುಮದ ಬಟ್ಟಲು ಮುಂದೆ ಹಿಡಿದ. "ಮುತ್ತೈದೆ ಕೈಯಿಂದಲೇ ಪೂಜೆ ಆಗ್ಲಿ. ಇದಕ್ಕೆ ಹಚ್ಚಿ, ನೀವೂ ಇಟ್ಕೊಳ್ಳಿ ಮೇಡಂ."

ಅವಳು ಲ್ಯಾಪ್‌ಟಾಪಿಗೆ ಬೊಟ್ಟಿಟ್ಟು, ಹಣೆಯ ಮೇಲಿನ ಕೂದಲನ್ನು ಸರಿಸಿದಳು. ಅಲ್ಲಿ ಹಾಕಿದ್ದ ಹೊಲಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ.