ಇಲ್ಲದ ಪೋರ್ಟು

"ಸ್ಕೂಲಿನ ಓ ಲೆವೆಲ್ ಪರೀಕ್ಷೆನೂ ಮುಗಿಸದೋನು ನನಗೇ ಟೋಪಿ ಹಾಕ್ತಾನೆ, ನೋಡಿ!" ಸಿಂಗಾಪುರದ ಜುರಾಂಗ್ ವೆಸ್ಟ್‌ನ ಮನೆಗೆ ಊಟಕ್ಕೆ ಬಂದಿದ್ದ ನೆಂಟರ ಮುಂದೆಯೇ ಹಯಗ್ರೀವ ಮಗನತ್ತ ಕೈ ತೋರಿಸಿದರು. ಚಿರಂತ್ ತಂದುಕೊಟ್ಟ ಹೊಸ ಲ್ಯಾಪ್‌ಟಾಪಿನಲ್ಲಿ ಅವರ ಹಳೇ ಪ್ರಿಂಟರಿನ ಅಗಲ ಮೂತಿಯ ಕೇಬಲ್ ಸಿಕ್ಕಿಸಲು ಜಾಗವೇ ಇರಲಿಲ್ಲ.

"ಅಪ್ಪಾ, ಆ ಪೋರ್ಟ್ ಈಗ ಬರಲ್ಲ. ಎಲ್ಲದಕ್ಕೂ ಯುಎಸ್‌ಬಿನೇ," ಚಿರಂತ್ ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಹೇಳಿದ.

"ಕಥೆ ಹೇಳ್ಬೇಡ. ಇದು ಡೂಪ್ಲಿಕೇಟೋ, ಕದ್ದ ಮಾಲೋ?" ಹಯಗ್ರೀವ ಲ್ಯಾಪ್‌ಟಾಪನ್ನು ಮಗುಚಿ, ಕಳ್ಳನ ಜೇಬು ತಡಕುವಂತೆ ಅದರ ಅಂಚನ್ನೆಲ್ಲ ಬೆರಳಿನಿಂದ ತಡಕಿದರು.

ಅವರ ತಂಗಿಯ ಮಗ, ಎಂಜಿನಿಯರ್ ವಿಶ್ವಜಿತ್, ತಟ್ಟೆಯಿಂದ ತಲೆಯೆತ್ತಿದ. "ನಂದ್ರಲ್ಲೂ ಇಲ್ಲ ಮಾವ. ಈಗೆಲ್ಲ ಯುಎಸ್‌ಬಿ."

"ಓ, ಹಾಗಾ!" ಹಯಗ್ರೀವರ ಮುಖ ಸಡಿಲವಾಯಿತು. ನಗುತ್ತಲೇ ಮಗನತ್ತ ತಿರುಗಿದರು. "ಇಷ್ಟನ್ನ ನೀನೇ ಬಾಯಿಬಿಟ್ಟು ಹೇಳಬಾರದಿತ್ತೇನೋ?"

ಚಿರಂತ್ ಚಪ್ಪಲಿ ಮೆಟ್ಟಿ ಲಿಫ್ಟಿನತ್ತ ನಡೆದ.