ನಿಂಗಯ್ಯನ ಮಂಡಿ

"ಮಂಡಿ ನೋವು ಈಗ ಹೇಗಿದೆ, ನಿಂಗಯ್ಯನವರೇ?" ಎಂದು ಹರ್ಷಿತಾ ಕೇಳಿದಳು.

"ನೋವಾ? ಯಾವ ನೋವವ್ವ?" ನಿಂಗಯ್ಯ ಜಗುಲಿಯಿಂದಿಳಿದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಎದ್ದು ತೋರಿಸಿದ. ಏಳುವಾಗ ಹಲ್ಲು ಕಚ್ಚಿದ್ದ, ಆದರೆ ಅವಳು ಫೋನಿನಿಂದ ತಲೆಯೆತ್ತುವಷ್ಟರಲ್ಲಿ ನಗುತ್ತಿದ್ದ. "ನೋಡಿ, ಊವಿದ್ದಂಗೈತೆ. ಪುಟ್ಟಮಲ್ಲಣ್ಣನ ಎಣ್ಣೆ ಅಂದ್ರೆ ಏನಂದ್ಕಂಡ್ರಿ!"

ಬೆಳಗಿನಿಂದ ಬಂದವರೆಲ್ಲ ಇದನ್ನೇ ಹೇಳಿದ್ದರು. ಇವನೇ ಕೊನೆಯವನು. ಹರ್ಷಿತಾ ಉತ್ತರವನ್ನು ಫೋನಿನಲ್ಲಿ ಒತ್ತಿ ಮೈಸೂರಿನ ತನ್ನ ಆಯುರ್ವೇದ ಕಾಲೇಜಿಗೆ ಕಳಿಸಿದಳು. ನಿಂಗಯ್ಯ ಬೀಡಿ ಸೇದಲು ಹಿತ್ತಿಲ ಕಡೆಗೆ ಹೋದ.

ಕೋಟೆ ರಸ್ತೆಯ ಆ ಹಳ್ಳಿಯಲ್ಲಿ ಉಳುಕು, ಊತ, ಕೀಲುನೋವು ಅಂದರೆ ಪುಟ್ಟಮಲ್ಲಪ್ಪನ ಲಕ್ಕಿಸೊಪ್ಪಿನ ಎಣ್ಣೆಯೇ. ಅದಕ್ಕೆ ಅವನು ಎಂದೂ ಕಾಸು ಮುಟ್ಟಿದವನಲ್ಲ. ಈಗ ಅವನ ಕೈ ನಡುಗುತ್ತದೆ, ಕಲಿಯುತ್ತೇನೆಂದು ಯಾರೂ ಬಂದಿಲ್ಲ. ಹರ್ಷಿತಾಳ ಕಾಲೇಜು ನಡೆಸುವ ಪರೀಕ್ಷೆಯಲ್ಲಿ ಎಣ್ಣೆ ಗೆದ್ದರೆ ಅವರೇ ಅದನ್ನು ಕಾಯಿಸಿ ಆಸ್ಪತ್ರೆಗೆ ಕೊಡುತ್ತಾರೆ, ತಾನು ಹೋದ ಮೇಲೂ ಅದು ಉಳಿಯುತ್ತದೆ. ಮುದುಕನಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕೇ ಒಪ್ಪಿದ್ದ. ನೋವಿದ್ದವರಲ್ಲಿ ಅರ್ಧ ಜನಕ್ಕೆ ಅವನ ಎಣ್ಣೆ, ಉಳಿದರ್ಧಕ್ಕೆ ಅದೇ ಬಣ್ಣ, ಅದೇ ವಾಸನೆ ಕಟ್ಟಿದ ಬರೀ ಎಳ್ಳೆಣ್ಣೆ. ಯಾರ ಸೀಸೆಯಲ್ಲಿ ಯಾವುದಿದೆ ಎಂದು ಕಾಲೇಜಿನ ದೊಡ್ಡವರಿಗೆ ಮಾತ್ರ ಗೊತ್ತಿತ್ತು. ಊರಿನವರಿಗೂ ಇದನ್ನೆಲ್ಲ ಬಿಡಿಸಿ ಹೇಳಲಾಗಿತ್ತು. ಊರು ತಲೆಯಾಡಿಸಿತ್ತು, ತಲೆಯಾಡಿಸುವುದಕ್ಕೇನು ಖರ್ಚು?

ಸ್ವಲ್ಪ ಹೊತ್ತಿಗೆ, ಯಾರಿಗೆ ಯಾವ ಎಣ್ಣೆ ಎಂಬ ಆ ವಿವರ ಫೋನಿಗೆ ಬಂತು. ಓದುತ್ತಾ ಓದುತ್ತಾ ಹರ್ಷಿತಾಳ ಮುಖ ಸಪ್ಪಗಾಯಿತು.

"ಏನಾಯ್ತವ್ವ? ಗೆದ್ವಾ?" ಎಂದ ತನ್ನ ಜಗುಲಿಯ ಮೇಲೆ ಕೂತಿದ್ದ ಪುಟ್ಟಮಲ್ಲಪ್ಪ.

"ಎಲ್ಲರೂ ಪೂರ್ತಿ ವಾಸಿ ಆಗಿದೆ ಅಂತಾರೆ, ತಾತ."

"ಒಳ್ಳೇದೇ ಆಯ್ತಲ್ಲ?"

"ಬರೀ ಎಳ್ಳೆಣ್ಣೆ ಹಚ್ಚಿಕೊಂಡವರೂ ಪೂರ್ತಿ ವಾಸಿ ಅಂತಾರೆ. ಹಾಗಾದ ಮೇಲೆ ಅದಕ್ಕೂ ನಿಮ್ಮ ಎಣ್ಣೆಗೂ ಏನೂ ವ್ಯತ್ಯಾಸ ಇಲ್ಲ ಅಂತಲೇ ಬರೀಬೇಕಾಗುತ್ತೆ."

ಮುದುಕ ಕೇಳಿದ. "ಇನ್ನೊಂದ್ಸಲ ಇಚಾರ್ಸಕ್ಕಾಗಲ್ವಾ?"

"ಯಾರಿಗೆ ಯಾವುದು ಅಂತ ಗೊತ್ತಾದ ಮೇಲೆ ಉತ್ತರ ತಿದ್ದೋ ಹಾಗಿಲ್ಲ, ತಾತ. ಕಾಲೇಜು ಇಲ್ಲಿಗೇ ಮುಗಿಸುತ್ತೆ."

ಅವಳಿಗೂ ಸಂಕಟವಾಗಿತ್ತು. ಕೈಮುಗಿದು, ಖಾಲಿ ಸೀಸೆಗಳ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು. ಪುಟ್ಟಮಲ್ಲಪ್ಪ ಜಗುಲಿಯ ಮೇಲೆ ಕೂತೇ ಇದ್ದ. ಇಷ್ಟು ವರ್ಷ ಊರವರ ಕಾಲಿಗೆ ತಾನು ತಿಕ್ಕಿದ್ದು ಏನನ್ನು ಎಂದು ಅವನಿಗೇ ಅನುಮಾನ ಬಂತು.

ಬಸ್ಸು ತಿರುವು ದಾಟಿದ ಸದ್ದಾದ ಮೇಲೆ ನಿಂಗಯ್ಯ ಹಿತ್ತಿಲಿಂದ ಇಣುಕಿದ. ಗೋಡೆ ಹಿಡಿದು ಕುಂಟುತ್ತಾ ಬಂದು, ಜಗುಲಿಯ ಮೇಲೆ ಉಸ್ಸೆಂದು ಕುಸಿದ.

"ಬಸ್ಸತ್ತಿ ಓದ್ಲಾ? ಕೂತು ಎದ್ದಿದ್ದಕ್ಕೆ ಪ್ರಾಣ ಬಾಯಿಗೆ ಬಂತು ಕಣಣ್ಣ. ಒಸಿ ನಿನ್ನೆಣ್ಣೆ ಅಚ್ಚು."

"ನೋವಿಲ್ಲ ಅಂದ್ಯಲ್ಲೋ?"

"ನಂಗೆ ಕೊಟ್ಟಿದ್ದು ಬರೀ ಎಳ್ಳೆಣ್ಣೆ. ನಾಕು ದಿನ ಅಚ್ಚೋ ಒತ್ಗೇ ಗೊತ್ತಾಯ್ತು. ನಿಂದಾಗಿದ್ರೆ ಅಷ್ಟೊತ್ಗೆ ಊತ ಇಳೀತಿರ್ಲಿಲ್ವಾ? ದೇವರಾಜುಗೂ ಇಂಗೇ, ಚಾಮುಂಡಮ್ಮಂಗೂ ಇಂಗೇ. ರಾತ್ರಿಯೆಲ್ಲ ನರಳ್ತಾವ್ರೆ."

ಪುಟ್ಟಮಲ್ಲಪ್ಪ ಖಾಲಿ ರಸ್ತೆಯ ಕಡೆ ನೋಡಿದ. "ಇದ್ನ ಆ ಮಗೀಗೆ ಯಾಕ್ಲಾ ಏಳ್ಲಿಲ್ಲ?"

"ಎಂಗೇಳಾದು? ಸತ್ರೂವೆ ನೋವೈತೆ ಅನ್ಬ್ಯಾಡಿ ಅಂತ ಮನೆಮನೆಗೂ ಏಳ್ಬಂದೋನೇ ನಾನು." ನಿಂಗಯ್ಯ ಪಂಚೆ ಮೇಲೆತ್ತಿ, ಊದಿದ ಮಂಡಿಯನ್ನು ಮುಂದಕ್ಕೆ ಚಾಚಿದ. "ನೋವೈತೆ ಅಂದಿದ್ರೆ ನಿನ್ನೆಣ್ಣೆ ಮಾನ ಏನಾಗೋದಣ್ಣ?"