ಕಿಟಕಿ ಪಕ್ಕದ ಕುರ್ಚಿ

ಬೇಸಿಗೆ ಕಾಲಿಟ್ಟಿತ್ತು; ಸುಟ್ಟುಹೋದ ಪಂಪಿನ ಮೋಟಾರುಗಳು ಮಾವನ ರಿಪೇರಿ ಅಂಗಡಿಯ ಬಾಗಿಲವರೆಗೂ ಸಾಲುಗಟ್ಟಿದ್ದವು. ಅವಕ್ಕೆ ತಾಮ್ರದ ತಂತಿ ಸುತ್ತುವುದು ಸೊಸೆಯ ಕೆಲಸ. ಆ ಬೆಳಿಗ್ಗೆ ಮಾತ್ರ ಅವಳ ಮುಂದೆ ಬಿಚ್ಚಿಕೊಂಡಿದ್ದದ್ದು ಒಂದು ಹಳೆಯ ಗೇಮ್ ಕನ್ಸೋಲ್. ಹೊಸ ಆಟಗಳೂ ಓಡಲೆಂದು ಅದಕ್ಕೊಂದು ಚಿಪ್ ಕೂರಿಸಿ, ಎಂಟು ಎಳೆ ತಂತಿ ಬೆಸೆದು, ಮೂರನೆಯ ಸಲ ಗುಂಡಿ ಒತ್ತಿದಳು. ದೀಪ ಹತ್ತಿತು, ಪರದೆ ಕಪ್ಪಗೇ ಉಳಿಯಿತು.

"ಬಡ್ಕೊಂಡೆ, ಹೆಂಗಸರ ಕೈಗೆ ಮೋಟಾರೇ ಸಾಕು ಅಂತ," ಎಂದರು ಮಾವ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು. ಸರ್ಕ್ಯೂಟ್ ಬೋರ್ಡಿನ ನಾಜೂಕು ಕೆಲಸವೆಲ್ಲ ಬೆಳಕಿರುವ ಆ ಕುರ್ಚಿಯದು. "ಇದು ಶುರುವಾದ್ರೆ ಕುರ್ಚಿ ನಿಂದು ಅಂದಿದ್ದೆ. ಅದು ಹೆಣ, ಬಿಡಮ್ಮ."

"ಹೆಣ ಬಿಸಿಯಾಗುತ್ತಾ ಮಾವ?" ಎಂದಳು ತಲೆ ಎತ್ತದೆ, ಬೆಚ್ಚಗಾಗಿದ್ದ ಬೋರ್ಡಿನ ಮೇಲೆ ಬೆರಳಿಟ್ಟು. ಭೂತಗನ್ನಡಿ ಹಿಡಿದು ಒಂದೊಂದೇ ಬೆಸುಗೆ ನೋಡುತ್ತ ಹೋದವಳ ಕೈ ಎಂಟನೆಯದರ ಬಳಿ ನಿಂತಿತು. ಅವಳು ಚಿಪ್ಪಿಗೆ ಬೆಸೆದದ್ದು ಮೋಟಾರಿಗೆ ಸುತ್ತುವ, ವಾರ್ನಿಷ್ ಬಳಿದ ತಂತಿಯನ್ನೇ. ಏಳು ಎಳೆಗಳ ತುದಿಯ ವಾರ್ನಿಷ್ ಕೆರೆದವಳು ಎಂಟನೆಯದನ್ನು ಮರೆತಿದ್ದಳು. ವಾರ್ನಿಷ್ ಇದ್ದಲ್ಲಿ ಕರೆಂಟು ಹರಿಯದು. ಈ ಅಂಗಡಿಯಲ್ಲಿ ಅವಳು ಕಲಿತ ಮೊದಲ ಪಾಠವೇ ಅದು.

"ತಪ್ಪು ನಂದೇ," ಎಂದಳು ಗಟ್ಟಿಯಾಗಿ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗುತ್ತಿರುವಾಗಲೇ ತಾಮ್ರ ಹೊಳೆಯುವವರೆಗೆ ಬ್ಲೇಡಿನಿಂದ ತುದಿ ಕೆರೆದು, ಮತ್ತೆ ಬೆಸೆದು, ಗುಂಡಿ ಒತ್ತಿದಳು. ಪರದೆಯ ತುಂಬ ಬಣ್ಣ ಉಕ್ಕಿತು, ಆಟದ ಸಂಗೀತ ಬೀದಿಗೂ ಕೇಳಿಸಿತು.

ಮಾವನ ನಗು ಅರ್ಧಕ್ಕೇ ನಿಂತಿತು. "ಸರಿ ಸರಿ, ನಾಳೆಯಿಂದ ಕೂತ್ಕೋ."

ಅವಳು ಬೆಸುಗೆ ಕಡ್ಡಿಯ ಪ್ಲಗ್ ಕಿತ್ತು, ಕಡ್ಡಿ ಹಿಡಿದೇ ಬಂದು ಕುರ್ಚಿಯ ಎದುರು ನಿಂತಳು.

"ನಾಳೆಗಲ್ಲ ಮಾವ. ಈ ಕಡ್ಡಿ ಆರೋದ್ರೊಳಗೆ ಏಳಿ."